ಬಾಗಿಲು ಹಾಕಿತ್ತಂತೆ, ಅದಕ್ಕೆ ಒಂದು ಸ್ಟಾರ್

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಬರೆದು ಮುಗಿಸೋವರೆಗೂ ನನಗೆ ಸಮಾಧಾನ ಆಗಲ್ಲ. ಉದ್ದ ಆದ್ರೂ ದಯವಿಟ್ಟು ಪೂರ್ತಿ ಓದಿ.

ನನ್ನ ಭಾನುವಾರದ ಬರಹ ಓದೋರಿಗೆ ನಮ್ಮ ಹಾಸನದ ಸಾಲಗಾಮೆ ರಸ್ತೆ ಕಡೆಯ ಮೆಸ್ಸಿನ ಅಕ್ಕ ಯಾರು ಅಂತ ಮತ್ತೆ ಹೇಳಬೇಕಾಗಿಲ್ಲ. ನಾಲ್ಕು ಟೇಬಲ್ಲು, ಮೂಲೇಲಿ ಕೈ ತೊಳೆಯೋ ಬೇಸಿನ್ನು, ಗೋಡೆಗೆ ಧರ್ಮಸ್ಥಳದ ಕ್ಯಾಲೆಂಡರು. ಬೆಳಿಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಮುದ್ದೆ ಊಟ. ಹೆಸರು ಯಾಕೆ ಹಾಕಲ್ಲ ಅಂತ ಪ್ರತಿ ಸಲ ಕೇಳ್ತೀರಿ. ಅಕ್ಕನೇ ಬೇಡ ಅಂದಿದಾರೆ. ಜನ ಮುಗಿಬಿದ್ರೆ ಒಬ್ಬಳ ಕೈಲಿ ರೊಟ್ಟಿ ತಟ್ಟಿ ಪೂರೈಸಕ್ಕಾಗಲ್ಲ ಅನ್ನೋದು ಅವರ ಲೆಕ್ಕ.

ಇವತ್ತು ನಾನು ಕೂತ ತಕ್ಷಣ ಅಕ್ಕ ತಟ್ಟೆ ತರಲಿಲ್ಲ, ಫೋನ್ ತಂದ್ರು. ಮಗಳು ತೋರಿಸಿದಳಂತೆ. ಯಾರೋ ಗಿರಾಕಿ ಮೆಸ್ಸನ್ನ ಮ್ಯಾಪಿಗೆ ಸೇರಿಸಿದಾರೆ, ಅದರ ಕೆಳಗೆ ಇನ್ಯಾರೋ ಒಂದು ಸ್ಟಾರ್ ಕೊಟ್ಟು ಬರೆದಿದಾರೆ: "ಬಾಗಿಲು ಹಾಕಿತ್ತು. ಟೈಮ್ ವೇಸ್ಟ್. ಹೋಗಬೇಡಿ."

"ಸೋಮವಾರ ರಜಾ ಅಂತ ಬೋರ್ಡಲ್ಲೇ ಬರ್ಸಿದೀನಲ್ಲ ಮೇಡಂ. ಬಂದು ತಿಂದು, ಸಾರು ಚೆನ್ನಾಗಿಲ್ಲ ಅಂದಿದ್ರೆ ನಾಳೆ ಸರಿ ಮಾಡ್ತಿದ್ದೆ. ತಿನ್ನದೇ ಹೋದೋರಿಗೆ ನಾನೇನ್ ಸರಿ ಮಾಡ್ಲಿ?" ಅಂದ್ರು. ಸೆರಗಲ್ಲಿ ಕೈ ಒರೆಸ್ಕೊಂಡು ಒಳಗೆ ಹೋಗಿಬಿಟ್ರು.

ನಾನು ಕೂರೋ ಜಾಗದಿಂದ ಅಡುಗೆಮನೆ ಕಾಣುತ್ತೆ. ಕುದಿಯೋ ನೀರಿಗೆ ಉಪ್ಪು ಹಾಕಿ, ಹಿಟ್ಟು ಸುರಿದು ಉಕ್ಕರಿಸಿ, ಕೈ ಸುಡೋ ಬಿಸಿ ಇರುವಾಗಲೇ ನಾದಬೇಕು. ನಾದೋದು ಒಂಚೂರು ಕಮ್ಮಿ ಆದ್ರೂ ತಟ್ಟುವಾಗ ಅಂಚು ಬಿರಿಯುತ್ತೆ. ಅಕ್ಕನ ಅಂಗೈ ಆ ಬಿಸಿಗೆ ಒಗ್ಗಿ ಒಗ್ಗಿ ಕೆಂಪಗಾಗಿದೆ. ಹೆಂಚಿನ ಮೇಲೆ ಎರಡೂ ಕಡೆ ಬೇಯಿಸಿ, ಆಮೇಲೆ ಕೆಂಡಕ್ಕೆ ಹಿಡಿದಾಗ ರೊಟ್ಟಿ ಮೆಲ್ಲಗೆ ಹೊಟ್ಟೆ ಉಬ್ಬಿಸುತ್ತೆ ನೋಡಿ, ಆಗ ಅವರ ಮುಖ ನೋಡಬೇಕು. ಇಪ್ಪತ್ತು ವರ್ಷದಿಂದ ದಿನಾ ಅದನ್ನೇ ಮಾಡ್ತಿದ್ರೂ ಪ್ರತಿ ರೊಟ್ಟಿ ಉಬ್ಬಿದಾಗಲೂ ಖುಷಿ ಪಡ್ತಾರೆ. ಆ ಕೈಗೆ ಒಂದು ಸ್ಟಾರ್. ಯಾಕೆ? ಬಾಗಿಲು ಹಾಕಿತ್ತು!

ಇಷ್ಟೇ ಆಗಿದ್ರೆ ಸುಮ್ಮನಿರ್ತಿದ್ದೆನೋ ಏನೋ. ಪಕ್ಕದ ಟೇಬಲ್ಲಿನಲ್ಲಿ ಇಬ್ಬರು ಕೂತಿದ್ರು. ಓದಿಕೊಂಡವರು, ಒಳ್ಳೆ ಕೆಲಸದಲ್ಲಿರೋರು ಅಂತ ನೋಡಿದ್ರೇ ಗೊತ್ತಾಗುತ್ತೆ. ಮಾತು ಹೇಗೋ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ಪುಸ್ತಕದ ಕಡೆ ಬಂತು. ಒಬ್ಬರು, "ಅದರಲ್ಲೇನಿದೆ ಬಿಡಿ, ಅವರ ಮನೆ ಕತೆಗಳು, ನಮಗೇನ್ ಸಂಬಂಧ?" ಅಂದ್ರು. ಇನ್ನೊಬ್ಬರಿಗೆ ಸಿಟ್ಟು ಬಂತು. "ಏನ್ ಸಾರ್ ಹಂಗಂತೀರಾ, ನಮ್ಮೂರಿನ ಹೆಮ್ಮೆ ಅದು, ಅದ್ಭುತವಾದ ಪುಸ್ತಕ." ನನಗೆ ತಡೆಯಕ್ಕಾಗಲಿಲ್ಲ, ತಿರುಗಿ ಕೇಳಿದೆ, "ನಿಮಗೆ ಯಾವ ಕತೆ ಇಷ್ಟ ಆಯ್ತು ಸಾರ್?" ಅವರು ಒಂದು ಕ್ಷಣ ನನ್ನ ಮುಖ ನೋಡಿ, "ಇಲ್ಲ ಮೇಡಂ, ಇನ್ನೂ ಓದಿಲ್ಲ. ಓದಬೇಕು" ಅಂದ್ರು. ಮೊದಲನೆಯವರನ್ನ ಕೇಳೋ ಅಗತ್ಯವೇ ಇರಲಿಲ್ಲ, ಅವರು ಆಗಲೇ ತಲೆ ತಗ್ಗಿಸಿ ರೊಟ್ಟಿ ಮುರೀತಿದ್ರು. ಹುಚ್ಚೆಳ್ಳು ಚಟ್ನೀನ ಬೆರಳ ತುದಿಯಲ್ಲಿ ತಗೊಂಡು ನಾಲಿಗೆ ಮೇಲಿಟ್ಟು, ಚಪ್ಪರಿಸಿ, "ಅಕ್ಕಾ, ಚೂರು ಉಪ್ಪು ಕೊಡಿ" ಅಂದ್ರು.

ನನ್ನ ಸಂಕಟ ಇಷ್ಟೇ. ಚಟ್ನಿಗೆ ತೋರಿಸಿದ ಆ ಮರ್ಯಾದೆಯನ್ನ ಒಂದು ಪುಸ್ತಕಕ್ಕೆ ಯಾಕೆ ತೋರಿಸಲ್ಲ? ನಾಲಿಗೆ ಮೇಲೆ ಇಡದೆ ಉಪ್ಪು ಕಮ್ಮಿ ಅಂತ ಹೇಳಕ್ಕೆ ಅವರಿಗೆ ಮನಸ್ಸು ಬರಲಿಲ್ಲ. ಹೆಂಗಸೊಬ್ಬಳು ಮೂವತ್ತು ವರ್ಷ ಕೂತು ಬರೆದ ಕತೆಗಳನ್ನ ಒಂದು ಪುಟ ತಿರುವದೆ ಬೇಡ ಅನ್ನಕ್ಕೆ ಹೇಗೆ ಮನಸ್ಸು ಬಂತು? ಅದ್ಭುತ ಅಂದವರ ಮೇಲೂ ನನಗೆ ಅಷ್ಟೇ ಬೇಜಾರು. ಓದದೆ ಹೊಗಳೋದು ಕೂಡ ಬಾಗಿಲು ಹಾಕಿದ ಮೆಸ್ಸಿನ ಮುಂದೆ ನಿಂತು ಐದು ಸ್ಟಾರ್ ಕೊಟ್ಟ ಹಾಗೆ.

ಇದು ನಮ್ಮ ಜಿಲ್ಲೆಯ ಮಟ್ಟಿಗೆ ನನಗೆ ತೀರಾ ಹತ್ತಿರದ ವಿಷಯ. 2025ರ ಮೇ ತಿಂಗಳಲ್ಲಿ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಾನು ಅಕ್ಷರಶಃ ಅತ್ತಿದ್ದೆ. ಕನ್ನಡದ 12 ಕತೆ, ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದ. ಸಣ್ಣಕತೆಗಳ ಸಂಕಲನಕ್ಕೆ ಆ ಬಹುಮಾನ ಬಂದಿದ್ದೇ ಮೊದಲು. ಅದೇ ಸೆಪ್ಟೆಂಬರ್ 22ಕ್ಕೆ ಬಾನು ಅವರು ಮೈಸೂರಿನಲ್ಲಿ ದಸರಾ ಉದ್ಘಾಟನೆ ಮಾಡಿದ್ರು, 24ಕ್ಕೆ ಎಸ್.ಎಲ್. ಭೈರಪ್ಪನವರು ತೀರಿಕೊಂಡ್ರು. ಒಬ್ಬರು ಹಾಸನದವರು, ಒಬ್ಬರು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು. ಆ ವಾರ ನನ್ನ ಫೋನಿನಲ್ಲಿ ಬಂದಷ್ಟು ಹೊಗಳಿಕೆ, ಬೈಗುಳ ಇನ್ಯಾವತ್ತೂ ಬಂದಿಲ್ಲ. ಒಂದೇ ಒಂದು ಪಾತ್ರದ ಹೆಸರು, ಒಂದು ಸನ್ನಿವೇಶ, ಒಂದು ವಾಕ್ಯ ಯಾರಾದ್ರೂ ಎತ್ತಿ ಬರೀತಾರಾ ಅಂತ ಹುಡುಕಿದೆ. ಬೆರಳೆಣಿಕೆಯಷ್ಟು ಜನ ಬರೆದಿದ್ರು. ಉಳಿದವರೆಲ್ಲ ಬೋರ್ಡ್ ನೋಡಿ ಊಟದ ರುಚಿ ಹೇಳಿದವರು.

"ನಮಗೇನ್ ಸಂಬಂಧ" ಅಂದ್ರಲ್ಲ ಅವರು, ಆ ಮಾತಿಗೆ ಉತ್ತರ ಕೊಡದೆ ಎದ್ದು ಬಂದೆ. ಇಲ್ಲಿ ಕೊಡ್ತೀನಿ. ಇದನ್ನ ನಾನು ಯಾರಿಗೂ ಹೇಳಿಲ್ಲ, ನಮ್ಮನೆಯವರಿಗೂ ಹೇಳಿಲ್ಲ.

ಆ ಪುಸ್ತಕದಲ್ಲಿ ಒಂದು ಕತೆ ಇದೆ. ಹಜ್ ಯಾತ್ರೆಗೆ ಹೊರಟ ಅನುಕೂಲಸ್ಥ ಹೆಂಗಸಿನ ಹತ್ತಿರ ಒಬ್ಬ ಬಡ ಮುದುಕಿ ಬಂದು, ಮೆಕ್ಕಾದ ಪವಿತ್ರ ಜಂಜಂ ನೀರಲ್ಲಿ ಅದ್ದಿದ ಕಫನ್, ಅಂದ್ರೆ ಹೆಣಕ್ಕೆ ಹೊದಿಸೋ ಬಟ್ಟೆ, ತಂದುಕೊಡು ಅಂತ ಕೇಳ್ಕೋತಾಳೆ. ಕೂಡಿಟ್ಟ ದುಡ್ಡನ್ನೂ ಕೊಡ್ತಾಳೆ. ಒಪ್ಪಿಕೊಂಡವಳು ತರೋದಿಲ್ಲ. ಮುದುಕಿ ತೀರಿಕೊಂಡ ದಿನ ಮಗ ಬಂದು ಆ ಬಟ್ಟೆ ಕೇಳ್ತಾನೆ.

ಹತ್ತು ವರ್ಷದ ಕೆಳಗೆ ನಾವು ಆಫೀಸಿನವರೆಲ್ಲ ಸೇರಿ ಕಾಶಿಗೆ ಹೋಗಿದ್ವಿ. ಆಲೂರಿನ ನಮ್ಮ ತವರು ಮನೇಲಿ ಕಾಫಿ ಹಣ್ಣು ಬಿಡಿಸಕ್ಕೆ ಬರ್ತಿದ್ದ ಒಬ್ಬ ಅಜ್ಜಿ, ನಾನು ಹೊರಡೋ ವಿಷಯ ತಿಳಿದು, ಐವತ್ತು ರೂಪಾಯಿ ನೋಟನ್ನ ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಇಟ್ಟು, "ಒಂದು ಗಿಂಡಿ ಗಂಗೆ ತಂದ್ಕೊಡವ್ವ, ಕೊನೆಗಾಲಕ್ಕೆ ಬಾಯಿಗೆ ಬಿಡಿಸ್ಕತೀನಿ" ಅಂದಿದ್ರು. ನಾನು ಕಾಶಿಯಲ್ಲಿ ಮೂರು ಸೀರೆ ತಗೊಂಡೆ. ನಾದಿನಿಗೆ ಬಳೆ, ಆಫೀಸಿನವರಿಗೆ ಪೇಡ, ಎಲ್ಲಾ ನೆನಪಿಟ್ಕೊಂಡು ತಂದೆ. ಗಂಗೆ ನೆನಪಾಗಿದ್ದು ಹಾಸನದಲ್ಲಿ ರೈಲು ಇಳಿದ ಮೇಲೆ. ಮಾರನೇ ದಿನ ಕಟ್ಟಿನಕೆರೆ ಮಾರ್ಕೆಟ್ ಹತ್ತಿರ ಒಂದು ಗ್ರಂಥಿಗೆ ಅಂಗಡೀಲಿ ಮುಚ್ಚಳ ಬೆಸೆದ ತಾಮ್ರದ ಗಿಂಡಿ ತಗೊಂಡು ಹೋಗಿ ಕೊಟ್ಟೆ. ಕಾಶಿಯಿಂದ ತಂದೆ ಅಂತಲೇ ಹೇಳಿದೆ. ಅಜ್ಜಿ ಎರಡೂ ಕಣ್ಣಿಗೆ ಒತ್ತಿಕೊಂಡ್ರು. ಮುಂದಿನ ವರ್ಷ ಅವರು ಹೋದಾಗ ಅದನ್ನೇ ಬಾಯಿಗೆ ಬಿಟ್ರಂತೆ.

ಆ ಕತೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಜಂಜಂ ಇದ್ದ ಕಡೆ ಗಂಗೆ, ಅಷ್ಟೇ ವ್ಯತ್ಯಾಸ. ಸಂಬಂಧ ಇಲ್ಲ ಅಂತೀರಾ? ನನ್ನ ಮನೆ ಜಗುಲಿ ಮೇಲೆ ನಡೆದಿದ್ದನ್ನ ಪೆನ್ಷನ್ ಮೊಹಲ್ಲಾದ ಯಾವುದೋ ಮನೇಲಿ ನಡೀತು ಅಂತ ಓದಿದ ಹಾಗಿತ್ತು ನನಗೆ.

ಹಾಗಂತ ಪುಸ್ತಕದಲ್ಲಿ ನನಗೆ ಎಲ್ಲಾ ಹಿಡಿಸಿತು ಅಂತಲ್ಲ. ಕೆಲವು ಕಡೆ ಪಾತ್ರ ಸುಮ್ಮನಿದ್ದಿದ್ರೆ ಸಾಕಿತ್ತು, ಅಲ್ಲಿ ಲೇಖಕಿಯೇ ಮುಂದೆ ಬಂದು ಮಾತಾಡಿಬಿಡ್ತಾರೆ ಅನ್ನಿಸಿತು. ಒಂದೆರಡು ಕತೆಯ ಕೊನೆ ಅವಸರದ್ದು. ಇದನ್ನ ನಾನು ಯಾರ ಮುಂದೆ ಬೇಕಾದ್ರೂ ಹೇಳ್ತೀನಿ, ಯಾಕಂದ್ರೆ ಓದಿದೀನಿ.

ಈಗ ಇನ್ನೊಂದು ಒಪ್ಪಿಕೋಬೇಕು. ಕಾಲೇಜಿನಿಂದ ಹಿಡಿದು ನಲವತ್ತು ದಾಟೋವರೆಗೂ ನಾನು ಭೈರಪ್ಪನವರ ಒಂದು ಪುಸ್ತಕವನ್ನೂ ಮುಟ್ಟಿರಲಿಲ್ಲ. ನಮ್ಮ ಗುಂಪಿನಲ್ಲಿ ಯಾರೂ ಓದ್ತಿರಲಿಲ್ಲ, ಓದದೇ ಇರೋದೇ ಒಂದು ಘನತೆ ಅಂತ ನಂಬಿದ್ವಿ. ಅವರ ಬಗ್ಗೆ ಗಂಟೆಗಟ್ಟಲೆ ಮಾತಾಡಿದೀನಿ, ವಾದ ಗೆದ್ದಿದೀನಿ. ಆಮೇಲೆ ಅಮ್ಮನಿಗೆ ಕಾಲು ಮುರಿದು ಆಸ್ಪತ್ರೇಲಿ ಹನ್ನೊಂದು ದಿನ ಕೂರಬೇಕಾಯ್ತು. ಪಕ್ಕದ ಮಂಚದವರ ಹತ್ತಿರ ಇದ್ದಿದ್ದು 1970ರಲ್ಲಿ ಬಂದ 'ಗೃಹಭಂಗ' ಒಂದೇ. ಬೇರೆ ದಾರಿ ಇಲ್ಲದೆ ತಗೊಂಡೆ.

ನಂಜಮ್ಮ ನನ್ನನ್ನ ಅಲ್ಲಾಡಿಸಿಬಿಟ್ಟಳು. ಶ್ಯಾನುಭೋಗಿಕೆ ಗಂಡನದ್ದು, ಲೆಕ್ಕ ಬರೆಯೋಳು ಇವಳು. ಅವನು ತಾನು ಉಂಡರೆ ಸಾಕು ಅನ್ನೋ ಹೊಟ್ಟೆಬಾಕ, ಇವಳು ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳ ಹೊಟ್ಟೆ ತುಂಬಿಸೋಳು. ಪ್ಲೇಗು ಬಂದು ಮಕ್ಕಳನ್ನ ಎಳ್ಕೊಂಡು ಹೋಗೋ ಪುಟಗಳನ್ನ ಓದುವಾಗ ಅಮ್ಮನ ಮಂಚದ ಕಂಬಿ ಗಟ್ಟಿಯಾಗಿ ಹಿಡ್ಕೊಂಡಿದ್ದೆ. ಭೈರಪ್ಪನವರು ಚಿಕ್ಕ ವಯಸ್ಸಲ್ಲಿ ತಮ್ಮ ತಾಯಿ, ಒಡಹುಟ್ಟಿದವರನ್ನ ಪ್ಲೇಗಿಗೆ ಕಳ್ಕೊಂಡವರು. ಅದು ಬರವಣಿಗೆಯಲ್ಲಿ ಗೊತ್ತಾಗುತ್ತೆ. ಅವರ ನಂತರದ ಕೆಲವು ಕಾದಂಬರಿಗಳ ಜೊತೆ ನನಗೆ ಇವತ್ತಿಗೂ ಜಗಳ ಇದೆ, ಆದ್ರೆ ಅದು ಓದಿ ಆಡ್ತಿರೋ ಜಗಳ. ಇಪ್ಪತ್ತು ವರ್ಷ ನಾನು ಬಾಗಿಲಲ್ಲೇ ನಿಂತು ಒಂದು ಸ್ಟಾರ್ ಕೊಡ್ತಾ ಇದ್ದೆ. ಅದಕ್ಕೇ ಇವತ್ತು ಇಷ್ಟು ಉರೀತಿರೋದು.

ಚಿಕ್ಕಮಗಳೂರು ಕಡೆಯವರು ನಾವು ಹಾಗಿಲ್ಲ ಅಂತ ಅಂದ್ಕೋಬೇಡಿ. ಹೋದ ತಿಂಗಳು ಅಲ್ಲಿ ಒಂದು ಕೆಫೆಗೆ ಹೋಗಿದ್ದೆ. ಗೋಡೆ ತುಂಬ ತೇಜಸ್ವಿ ಚಿತ್ರ, ಪಕ್ಕದಲ್ಲಿ ಹಾರೋ ಓತಿ. ನನಗೆ ಎಷ್ಟು ಸಂತೋಷ ಆಯ್ತು ಅಂದ್ರೆ ಮಾಲೀಕರನ್ನೇ ಕರೆಸಿ ಮಾತಾಡಿಸಿದೆ. "ಲೆಜೆಂಡ್ ಮೇಡಂ ಅವರು, ನಾನು ದೊಡ್ಡ ಫ್ಯಾನು" ಅಂದ್ರು. ಆ ಓತಿ ಬರೋ ಅವರ ಕಾದಂಬರಿ 'ಕರ್ವಾಲೊ' ಎಷ್ಟು ಸಲ ಓದಿದೀರಿ ಅಂದೆ. ಓದಿಲ್ಲ ಅಂದ್ರು. ಜೇನುತುಪ್ಪ ಕೊಳ್ಳಕ್ಕೆ ಹೋದಲ್ಲಿಂದ ಶುರುವಾಗೋ ಪುಸ್ತಕ ಅದು, ನೂರೈವತ್ತು ಪುಟದ ಹತ್ತಿರ, ಒಂದು ಮಳೆಗಾಲದ ಮಧ್ಯಾಹ್ನ ಸಾಕು. ಗೋಡೆಗೆ ಬಣ್ಣ ಹೊಡೆಸಿದ ಮೂರು ದಿನದಲ್ಲಿ ಮೂರು ಸಲ ಓದಬಹುದಿತ್ತು.

ಗೊತ್ತು, ಕಾಮೆಂಟಲ್ಲಿ ಬರ್ತೀರಿ. "ಎಲ್ಲಾ ಪುಸ್ತಕ ಓದಕ್ಕೆ, ಎಲ್ಲಾ ಹೋಟೆಲಲ್ಲಿ ತಿನ್ನಕ್ಕೆ ಯಾರಿಗೆ ಟೈಮಿದೆ ಮೇಡಂ? ನಂಬಿಕಸ್ಥರು ಹೇಳಿದ್ದನ್ನ ನಂಬೋದು ತಪ್ಪಾ?" ತಪ್ಪಲ್ಲ. ನಂಬಿ, ಹೋಗಬೇಡಿ, ಓದಬೇಡಿ. ಅದು ನಿಮ್ಮಿಷ್ಟ, ನಿಮ್ಮ ದುಡ್ಡು, ನಿಮ್ಮ ಭಾನುವಾರ. ಆದ್ರೆ ಹೋಗದೇ ಇದ್ದವರು ಸುಮ್ಮನಿರಬಹುದಲ್ಲ? "ನಾನು ಓದಿಲ್ಲ" ಅಂತ ಹೇಳಕ್ಕೆ ಬೇಕಾಗೋದು ಎರಡೇ ಪದ. ಅಷ್ಟು ಹೇಳಿದ್ರೆ ಯಾರ ಮರ್ಯಾದೆಯೂ ಹೋಗಲ್ಲ. ಟೈಮಿಲ್ಲ ಅನ್ನೋರಿಗೆ ಸ್ಟಾರ್ ಒತ್ತಕ್ಕೆ, ನಾಲ್ಕು ಸಾಲು ಬರೆಯಕ್ಕೆ ಮಾತ್ರ ಟೈಮ್ ಎಲ್ಲಿಂದ ಬರುತ್ತೆ? ಮೊನ್ನೆ ಒಂದು ಕಾದಂಬರಿ ತರಿಸೋಣ ಅಂತ ಆನ್‌ಲೈನಲ್ಲಿ ನೋಡಿದೆ. ಒಂದು ಸ್ಟಾರ್ ಕೊಟ್ಟಿದ್ರು ಒಬ್ಬರು: "ರಟ್ಟು ಮಡಚಿಕೊಂಡು ಬಂದಿತ್ತು." ಬರೆದವರು ಏನು ಪಾಪ ಮಾಡಿದ್ರು ಹೇಳಿ? ಮೆಸ್ಸಿನ ಅಕ್ಕ ಕೇಳಿದ್ದೂ ಅದನ್ನೇ. ತಿನ್ನದೇ ಹೋದೋರಿಗೆ ಏನ್ ಸರಿ ಮಾಡ್ಲಿ?

ಮಧ್ಯಾಹ್ನ ಮನೆಗೆ ಬಂದವಳೇ ಮೊದಲು ಮಾಡಿದ ಕೆಲಸ, ಆ ಮ್ಯಾಪಿನಲ್ಲಿ ಅಕ್ಕನ ಮೆಸ್ಸಿನ ಕೆಳಗೆ ಬರೆದಿದ್ದು. ಬರೆದಿದ್ದನ್ನ ಇಲ್ಲೂ ಹಾಕ್ತೀನಿ, ದಾರಿ ಬೇಕಾದವರು ಇನ್‌ಬಾಕ್ಸಿಗೆ ಬನ್ನಿ:

"ಸೋಮವಾರ ರಜಾ. ರೊಟ್ಟಿ ಬೆಳಿಗ್ಗೆ ಏಳೂವರೆಯಿಂದ ಹತ್ತರವರೆಗೆ ಮಾತ್ರ. ಹುಚ್ಚೆಳ್ಳು ಚಟ್ನಿಗೆ ಇವತ್ತು ಉಪ್ಪು ಚೂರು ಕಮ್ಮಿ ಇತ್ತು, ಕೇಳಿದ್ರೆ ಕೊಡ್ತಾರೆ. ಬುಧವಾರದ ಬಸ್ಸಾರಿಗೆ ಹುಳಿ ಸ್ವಲ್ಪ ಜಾಸ್ತಿ, ಅಕ್ಕನಿಗೂ ಹೇಳಿದೀನಿ. ಅವರೆಕಾಯಿ ಕಾಲದಲ್ಲಿ ಹಿದಕಿದ ಬೇಳೆ ಸಾರು ಮಾಡ್ತಾರೆ, ಹನ್ನೆರಡೂವರೆ ಒಳಗೆ ಹೋದ್ರೆ ಸಿಗುತ್ತೆ. ರೊಟ್ಟಿ ಬಿಸಿ ಇರುವಾಗಲೇ ತಿನ್ನಿ. ಹನ್ನೊಂದು ವರ್ಷದಿಂದ ತಿಂತಿದೀನಿ."