ಫ್ರೀ ಗೇಮ್‌ನ ಸರ್ವರ್ ಕೈಕೊಟ್ಟರೆ ಕಂಪನಿ ಪರಿಹಾರ ಕೊಡಬೇಕೇ?

ಪರ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ರೂಮು ಮಾಡಿಕೊಂಡಿರುವ ಹುಡುಗರಿಗೆ ಇದು ಚೆನ್ನಾಗಿ ಗೊತ್ತು. ಫೋನ್ ಆಟದಲ್ಲಿ ನಾಲ್ವರ ಸ್ಕ್ವಾಡ್ (ತಂಡ), ಕೊನೆಯ ಝೋನ್ (ಆಡಲು ಉಳಿದ ಕಿರಿದಾದ ಜಾಗ), ಸೋಲಿಸಲು ಇನ್ನೊಂದೇ ಟೀಮ್ ಬಾಕಿ. ಅಷ್ಟರಲ್ಲಿ ನಾಲ್ವರ ಸ್ಕ್ರೀನ್ ಮೇಲೂ 'ರೀಕನೆಕ್ಟಿಂಗ್' ಚಕ್ರ ತಿರುಗತೊಡಗುತ್ತದೆ. ಇಬ್ಬರು ವೈಫೈನಲ್ಲಿ, ಇಬ್ಬರು ಬೇರೆ ಬೇರೆ ಸಿಮ್‌ನಲ್ಲಿ. ಯೂಟ್ಯೂಬ್ ಆರಾಮಾಗಿ ಓಡುತ್ತಿದೆ. ತಪ್ಪು ಸರ್ವರಿನದು, ಅಂದರೆ ಆಟ ನಡೆಸುವ ಕಂಪನಿಯ ಕಂಪ್ಯೂಟರಿನದು ಅಂತ ಬೇರೆ ಹೇಳಬೇಕಾ? ವಾಪಸ್ ಬಂದು ನೋಡಿದರೆ ರ‍್ಯಾಂಕ್ ಪಾಯಿಂಟ್ ಕಟ್!

"ಫ್ರೀ ಆಟ ಅಲ್ವಾ, ಸುಮ್ನಿರಿ" ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಡೌನ್‌ಲೋಡ್ ಫ್ರೀ, ನಿಜ. ಆದರೆ ಸೀಸನ್ ಪಾಸ್‌ಗೆ (ನಿಗದಿತ ದಿನಗಳೊಳಗೆ ಆಡಿ ಬಹುಮಾನ ಗಳಿಸುವ ಪಾಸ್) ಯುಪಿಐನಲ್ಲಿ ದುಡ್ಡು ಹೋಗಿರುತ್ತದೆ. ಸರ್ವರ್ ಮಲಗಿದ ದಿನಗಳೂ ಆ ಪಾಸ್‌ನ ಲೆಕ್ಕದಲ್ಲೇ ಕಳೆದುಹೋಗುತ್ತವೆ. ಒಂದು ರೂಪಾಯಿ ಹಾಕದವನೂ ಬಿಟ್ಟಿ ಗಿರಾಕಿ ಅಲ್ಲ. ನೂರು ಜನರ ಮ್ಯಾಚ್ ತುಂಬುವುದೇ ಅಂಥವರಿಂದ. ಅವರಿಲ್ಲದಿದ್ದರೆ ದುಬಾರಿ ಸ್ಕಿನ್ (ಆಟದ ಪಾತ್ರದ ವೇಷ) ಹಾಕಿಕೊಂಡವನು ಯಾರ ಜೊತೆ ಆಡುತ್ತಾನೆ?

2021ರ ಅಕ್ಟೋಬರ್ ಕೊನೆಗೆ ರೋಬ್ಲಾಕ್ಸ್ ಎಂಬ ಆನ್‌ಲೈನ್ ಆಟಗಳ ತಾಣ 73 ಗಂಟೆ ಬಂದ್ ಆಗಿತ್ತು. ಅದರಲ್ಲಿ ಆಟ ಕಟ್ಟಿ ಗಳಿಸುವವರಿಗೆ ಆದ ನಷ್ಟ ತುಂಬಿಕೊಡುತ್ತೇವೆ ಎಂದು ಕಂಪನಿಯೇ ಹೇಳಿತು. ಆಡುವವರಿಗೂ ಅದೇ ನ್ಯಾಯ ಸಿಗಲಿ. ನಗದು ಬೇಡ. ಹೋದ ಪಾಯಿಂಟ್ ವಾಪಸ್ ಕೊಡಿ, ಪಾಸ್‌ನ ಕೊನೆ ದಿನ ಮುಂದಕ್ಕೆ ಹಾಕಿ.

ವಿರೋಧ

ಸಿಟ್ಟು ಬರುವುದು ಸಹಜ. ಆದರೆ ಪಾಯಿಂಟ್ ವಾಪಸ್ ಕೊಡುವ ನಿಯಮ ಬಂದ ಮರುದಿನ ಏನಾಗುತ್ತದೆ ಯೋಚಿಸಿ. ಸೋಲು ಖಾತ್ರಿಯಾದವನು ಡೇಟಾ ಆಫ್ ಮಾಡುತ್ತಾನೆ. "ಸರ್ವರ್ ಬಿತ್ತು" ಎನ್ನುತ್ತಾನೆ. ಕಷ್ಟಪಟ್ಟು ಗೆದ್ದವನಿಗೆ ಅಲ್ಲಿ ಮೋಸ. ಎಲ್ಲರದೂ ಒಟ್ಟಿಗೆ ಕಡಿದುಹೋದರೆ ಕಂಪನಿಗೆ ಗೊತ್ತಾಗುತ್ತದೆ, ಸರಿ. ಹತ್ತಿಪ್ಪತ್ತು ಜನರದು ಮಾತ್ರ ಕಡಿದರೆ? ಧಾರವಾಡದ ಮಳೆಗೆ ಕರೆಂಟ್ ಹೋದರೆ ರೂಟರೂ ಆಫ್. ಸರ್ವರ್ ಮುಂಬೈನಲ್ಲಿದ್ದರೆ ಇಲ್ಲಿಂದ ರಸ್ತೆ ಲೆಕ್ಕದಲ್ಲಿ 500 ಕಿಲೋಮೀಟರಿಗೂ ಜಾಸ್ತಿ ದೂರ. ನಡುವೆ ಎಲ್ಲೇ ತೊಂದರೆಯಾದರೂ ಫೋನಿನಲ್ಲಿ ಕಾಣುವುದು ಅದೇ ಚಕ್ರ.

ಎಷ್ಟು ಸರ್ವರ್ ಬೇಕು ಎಂದು ಮೊದಲೇ ಹೇಳುವುದೂ ಕಷ್ಟ. 2016ರಲ್ಲಿ ಪೋಕೆಮಾನ್ ಗೋ ಎಂಬ ಫೋನ್ ಆಟ ಬಂದಾಗ ಅಂದುಕೊಂಡಿದ್ದರ 50 ಪಟ್ಟು ಟ್ರಾಫಿಕ್ ಬಂತು. ತೀರಾ ಹೆಚ್ಚಾದರೂ 5 ಪಟ್ಟು ಎಂದು ಆಟ ಮಾಡಿದವರು ಲೆಕ್ಕ ಹಾಕಿದ್ದರು.

ಸರ್ವರ್ ಬಾಡಿಗೆ ಹುಟ್ಟುವುದು ಪಾಸ್, ಸ್ಕಿನ್ ಕೊಳ್ಳುವ ಕೆಲವರ ದುಡ್ಡಿನಿಂದ. ಹಳೆ ಪಾಸ್ ಎಳೆದಷ್ಟೂ ಹೊಸ ಪಾಸ್ ಮಾರಾಟ ತಡ. ದೊಡ್ಡ ಕಂಪನಿ ಹೇಗೋ ತಡೆದುಕೊಳ್ಳುತ್ತದೆ. ಸಣ್ಣ ಸ್ಟುಡಿಯೋ ಆಟವನ್ನೇ ಮುಚ್ಚುತ್ತದೆ, ಇಲ್ಲವೇ ದುಡ್ಡು ಕೊಟ್ಟು ಆಡಿ ಎನ್ನುತ್ತದೆ. ಆಗ ಹೊರಗುಳಿಯುವವರು ಅಪ್ಪನ ಹಳೆ ಫೋನಿನಲ್ಲಿ ಆಡುವ ಗದಗ, ಹಾವೇರಿಯ ಹುಡುಗರೇ.