ಮರ ಸುಳ್ಳು ಹೇಳಲ್ಲ, ಆದರೆ ನಾವು ಕೇಳೋದೇ ತಪ್ಪು

ಕಸದ ಗುಡ್ಡೆಯ ಪಕ್ಕದ ಮರ ತೋರಿಸಿ "ನೋಡಿ, ಎಷ್ಟು ಸೊಂಪಾಗಿದೆ! ಗಾಳಿ ಕೆಟ್ಟಿದ್ದರೆ ಹೀಗೆ ಬೆಳೀತಿತ್ತಾ?" ಎಂದು ವಾದಿಸುವವರಿದ್ದಾರೆ. ಅದೇ ಗುಡ್ಡೆಯ ಇನ್ನೊಂದು ಬದಿಯ ಒಣಗಿದ ಮರ ತೋರಿಸಿ "ಇದಕ್ಕಿಂತ ಸಾಕ್ಷಿ ಬೇಕಾ?" ಎನ್ನುವವರೂ ಇದ್ದಾರೆ. ನನ್ನ ಸಹಾನುಭೂತಿ ಎರಡನೆಯವರ ಕಡೆಗೇ. ಆದರೂ ಹೇಳಲೇಬೇಕು, ಇಬ್ಬರ ವಾದವೂ ನಿಲ್ಲುವುದಿಲ್ಲ.

ಒಣಗಿದ ಮರದ ವಿಷಯ ನೋಡಿ. ಹೂತ ಕಸ ಗಾಳಿಯಾಡದೆ ಕೊಳೆತಾಗ ಅನಿಲ ಹುಟ್ಟುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಮೀಥೇನ್, ಉಳಿದದ್ದು ಬಹುಪಾಲು ಕಾರ್ಬನ್ ಡೈಆಕ್ಸೈಡ್. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇರುವುದು ಚೂರೇ ಚೂರು, ಆದರೆ ನಮ್ಮ ಮೂಗಿಗೆ ಸಿಗುವುದು ಅದೇ. ಈ ಅನಿಲ ಮೇಲಕ್ಕೆ ಮಾತ್ರ ಹೋಗುವುದಿಲ್ಲ, ಮಣ್ಣಿನೊಳಗೆ ಪಕ್ಕಕ್ಕೂ ಹರಿಯುತ್ತದೆ. ಹೋದಲ್ಲೆಲ್ಲ ಮಣ್ಣಿನ ಸಂದಿಯಲ್ಲಿರುವ ಆಮ್ಲಜನಕವನ್ನು ಹೊರಗೆ ದಬ್ಬುತ್ತದೆ. ಮೀಥೇನ್ ತಿನ್ನುವ ಬ್ಯಾಕ್ಟೀರಿಯಾಗಳು ಉಳಿದ ಆಮ್ಲಜನಕವನ್ನೂ ಖಾಲಿ ಮಾಡುತ್ತವೆ. ಬೇರೂ ಉಸಿರಾಡಬೇಕು ಅಲ್ವಾ? ಹಾಗಾಗಿ ಗುಡ್ಡೆಗೆ ಅಂಟಿಕೊಂಡ ಮರ ಸೊರಗಿದ್ದರೆ ತೊಂದರೆ ಬೇರಿನ ಬುಡದಲ್ಲೇ ಇರಬಹುದು. ಕಸದ್ದೇ ತಪ್ಪು, ಸಂಶಯವಿಲ್ಲ. ಆದರೆ ಅದು ಗಾಳಿಯ ಲೆಕ್ಕವಲ್ಲ.

ಇನ್ನು ಸೊಂಪಾದ ಮರ. 2003ರಲ್ಲಿ ನ್ಯೂಯಾರ್ಕ್‌ನ ಒಂದು ಅಧ್ಯಯನ ಪ್ರಕಟವಾಯಿತು. ಒಂದೇ ತಳಿಯ ಪಾಪ್ಲರ್ ಸಸಿಗಳನ್ನು ನಗರದೊಳಗೂ ಹೊರಗಿನ ಹಳ್ಳಿಗಾಡಿನಲ್ಲೂ ಬೆಳೆಸಿ ನೋಡಿದರು. ನಗರದವು ಸುಮಾರು ಎರಡು ಪಟ್ಟು ಬೆಳೆದಿದ್ದವು! ಕಾರಣ ಓಝೋನ್, ನೆಲಮಟ್ಟದ ಗಾಳಿಯಲ್ಲಿದ್ದು ಗಿಡದ ಬೆಳವಣಿಗೆ ಕುಗ್ಗಿಸುವ ಅನಿಲ. ವಾಹನದ ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ನಗರದಲ್ಲಿ ಓಝೋನನ್ನು ತಿಂದುಹಾಕುತ್ತದೆ, ದೂರದ ಹಳ್ಳಿಗಾಡಿನಲ್ಲಿ ಅದು ಉಳಿದುಕೊಳ್ಳುತ್ತದೆ. ಮರ ಸತ್ಯವನ್ನೇ ಹೇಳಿತ್ತು, ಆದರೆ ಒಂದೇ ಅನಿಲದ ಬಗ್ಗೆ. ನಗರದ ಗಾಳಿ ಶುದ್ಧ ಎಂದು ಅದು ಎಲ್ಲೂ ಹೇಳಿರಲಿಲ್ಲ. ಕಸದ ಗುಡ್ಡೆಯಿಂದ ಅಮೋನಿಯಾವೂ ಏಳುತ್ತದೆ. ಮರಕ್ಕೆ ಅದು ಸುಮ್ನೆ ಸಿಕ್ಕ ಗೊಬ್ಬರ. ನಮ್ಮ ಶ್ವಾಸಕೋಶಕ್ಕೆ ಗೊಬ್ಬರ ಬೇಡ.

ಹಾಗಂತ ಮರವನ್ನು ಬದಿಗಿಡಿ ಎನ್ನುತ್ತಿಲ್ಲ. ಗಾಳಿ ಅಳೆಯುವ ಯಂತ್ರ ತಾನು ಬಂದ ದಿನದಿಂದ ಮಾತ್ರ ಲೆಕ್ಕ ಕೊಡುತ್ತದೆ. ಮರ ಕಸ ಬರುವ ಮೊದಲಿನಿಂದಲೂ ಅಲ್ಲೇ ನಿಂತಿದೆ. ಅದನ್ನು ಕಡಿಯಬೇಕಾಗಿಯೂ ಇಲ್ಲ. ಪೊಳ್ಳು ಬೈರಿಗೆಯಿಂದ ಕೊರೆದು ಪೆನ್ಸಿಲ್‌ಗಿಂತ ತೆಳುವಾದ ಕಡ್ಡಿಯೊಂದನ್ನು ತೆಗೆದರೆ ವರ್ಷದ ಉಂಗುರಗಳು ಸಾಲಾಗಿ ಕಾಣುತ್ತವೆ. ಉಷ್ಣ ವಲಯದ ಎಲ್ಲ ಮರಗಳಲ್ಲೂ ಉಂಗುರ ಸ್ಪಷ್ಟವಾಗಿರುವುದಿಲ್ಲ, ತೇಗದಲ್ಲಿ ಚೆನ್ನಾಗಿ ಕಾಣುತ್ತದೆ.

ಕಷ್ಟ ಇರುವುದು ಆಮೇಲೆ. ಉಂಗುರ ತೆಳುವಾಗಲು ಮಳೆ ಕೈಕೊಟ್ಟಿರಬಹುದು, ಹುಳ ಬಿದ್ದಿರಬಹುದು, ಮರಕ್ಕೆ ವಯಸ್ಸಾಗಿರಬಹುದು. ಅದಕ್ಕೇ ಒಂದೇ ಜಾತಿಯ, ಒಂದೇ ಪ್ರಾಯದ, ಹೆಚ್ಚುಕಡಿಮೆ ಅಂಥದ್ದೇ ಮಣ್ಣಿನ ಮರಗಳು ಗುಡ್ಡೆಯ ಗಾಳಿ ಬೀಸದ ಕಡೆಯೂ ಬೇಕು. ಎರಡೂ ಕಡೆಯ ಉಂಗುರಗಳು ಕಸ ಬರುವ ತನಕ ಜೊತೆಜೊತೆಯಾಗಿ ಸಾಗಿ, ಬಂದ ಮೇಲೆ ಬೇರೆಯಾದವಾ? ನನಗೆ ಮುಖ್ಯ ಅನಿಸುವುದು ಅದು. ಉಂಗುರದೊಳಗಿನ ಸೀಸದಂಥ ಲೋಹಗಳನ್ನೂ ಅಳೆಯುತ್ತಾರೆ. ಆದರೆ ಕೆಲವು ಲೋಹಗಳು ರಸದ ಜೊತೆ ಪಕ್ಕದ ಉಂಗುರಕ್ಕೆ ಜಾರುತ್ತವೆ, ಇಸವಿಯನ್ನು ಜಾಸ್ತಿ ನಂಬುವ ಹಾಗಿಲ್ಲ.

ಒಂದು ರಾತ್ರಿ ಗುಡ್ಡೆಗೆ ಬೆಂಕಿ ಬಿದ್ದು ಪ್ಲಾಸ್ಟಿಕ್ ಹೊಗೆ ಮನೆಯೊಳಗೆ ನುಗ್ಗಿದರೆ, ವರ್ಷಕ್ಕೊಂದು ಗೆರೆ ಎಳೆಯುವ ಮರದಲ್ಲಿ ಅದು ಕಾಣಿಸುವುದು ಅನುಮಾನ. ಅದಕ್ಕೆ ಯಂತ್ರವೇ ಬೇಕು. "ಮರ ನೆಟ್ಟಿದ್ದೇವೆ, ಅವೇ ಹೇಳುತ್ತವೆ" ಎಂದು ಯಂತ್ರದ ಖರ್ಚು ಉಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇನ್ನು ಉಂಗುರದ ಲೆಕ್ಕ ಹಿಡಿದು ಬರುವವರಿಗೆ ನನ್ನದು ಒಂದೇ ಪ್ರಶ್ನೆ: ಬೇರಿನ ಹತ್ತಿರದ ಮಣ್ಣಿನಲ್ಲಿ ಮೀಥೇನ್ ಎಷ್ಟಿತ್ತು, ಅಳೆದಿರಾ?