ಅವೈಜ್ಞಾನಿಕ ಉಬ್ಬು, ವೈಜ್ಞಾನಿಕ ಬಾಲ

‘ಅವೈಜ್ಞಾನಿಕ ರಸ್ತೆ ಉಬ್ಬು: ಸವಾರರ ಪರದಾಟ’ ಮತ್ತೆ ಬಂದಿದೆ. ಶಿವಮೊಗ್ಗದವರಿಗೆ ಇದು ಅಡಿಕೆ ಧಾರಣೆಯಷ್ಟೇ ಖಾಯಂ ಸುದ್ದಿ. ಪರದಾಡುವವರಲ್ಲಿ ಬೈಕಿನವರು, ಗರ್ಭಿಣಿಯರು, ಆಂಬುಲೆನ್ಸ್ ಎಲ್ಲ ಸೇರಿದ್ದಾರೆ. ಬೆಳಗಿನ ಜಾವ ಬೆಂಗಳೂರಿಂದ ಬಂದು ತೀರ್ಥಹಳ್ಳಿ ಕಡೆ ಹೋಗುವ ಹಿಂಬದಿ ಎಂಜಿನ್ನಿನ ಬಸ್ಸನ್ನು ಮಾತ್ರ ಯಾರೂ ಕೇಳುವುದಿಲ್ಲ. ಪಾಪ, ಅದಕ್ಕೆ ಬಾಯಿಲ್ಲ, ಇರುವುದೆಲ್ಲ ಹೊಟ್ಟೆ.

ಆ ಹೊಟ್ಟೆ ಇರುವುದು ಬಾಲದಲ್ಲಿ. 12 ಮೀಟರ್ ಬಸ್ಸಿಗೆ ಹಿಂಚಕ್ರದ ಆಕ್ಸಲ್‌ನಿಂದಾಚೆ 3 ಮೀಟರ್ ಆಜುಬಾಜು ಬಾಲ. ವೀಲ್‌ಬೇಸಿನ, ಅಂದರೆ ಮುಂಚಕ್ರ-ಹಿಂಚಕ್ರಗಳ ನಡುವಿನ ದೂರದ, ಶೇ 60ರವರೆಗೆ ಬಿಡಬಹುದೆಂದು ಮೋಟಾರು ನಿಯಮವೇ ಹೇಳುತ್ತದೆ. ಎಂಜಿನ್, ಅದರ ತಳದ ಎಣ್ಣೆತೊಟ್ಟಿಯಾದ ಆಯಿಲ್ ಸಂಪ್ ಎಲ್ಲ ಅಲ್ಲೇ ತೂಗುತ್ತವೆ. ಹಾಗಾಗಿಯೇ ಮುಂದೆ ಸದ್ದಿಲ್ಲ, ಎರಡು ಆಕ್ಸಲ್‌ಗಳ ನಡುವೆ ಲಗೇಜಿಗೆ ಜಾಗ, ಎಳೆಯುವ ಚಕ್ರದ ಮೇಲೆ ಭಾರ ಬಿದ್ದು ಮಳೆಯಲ್ಲೂ ಹಿಡಿತ. ಅಚ್ಚುಕಟ್ಟಾದ ಲೆಕ್ಕಾಚಾರ!

ಉಬ್ಬಿನವರೆಗೆ. ಮುಂಚಕ್ರ ಹತ್ತಿದೊಡನೆ ಬಾಲ ಏತದಂತೆ ತಗ್ಗುತ್ತದೆ. ಹಿಂಚಕ್ರ ಧೊಪ್ಪೆಂದು ಇಳಿದಾಗ ಏರ್ ಬೆಲ್ಲೋಗಳು, ಅಂದರೆ ಸ್ಪ್ರಿಂಗಿನ ಬದಲು ಬಸ್ಸನ್ನು ಹೊರುವ ಗಾಳಿಚೀಲಗಳು, ಕುಗ್ಗುತ್ತವೆ. ಉಬ್ಬಿನ ನೆತ್ತಿ ಸರಿಯಾಗಿ ಸಂಪಿನ ಕೆಳಗೆ ಬರುವುದೂ ಆಗಲೇ. ಕರ್ರ್! ಆ ಚೀಲಗಳ ಗಾಳಿಯನ್ನು ಹದದಲ್ಲಿಡುವ ಲೆವೆಲಿಂಗ್ ವಾಲ್ವಿನ ಕಡ್ಡಿ ಬಾಗಿದರಂತೂ ಬಸ್ಸು ಒಂದು ಮಗ್ಗುಲಿಗೆ ವಾಲಿಕೊಂಡೇ ಊರು ಸೇರಬೇಕು. ಬಸ್ಸನ್ನು ಎತ್ತುವ ಸ್ವಿಚ್ ಇದ್ದರೆ ಮೊದಲೇ ಒತ್ತಿ, ಗಾಳಿ ತುಂಬುವವರೆಗೆ ಕಾದು, ನಡಿಗೆಯ ವೇಗದಲ್ಲಿ ದಾಟಿಸಿ ಎನ್ನುತ್ತಾರೆ ಬಲ್ಲವರು. ಉಬ್ಬು ಕಂಡರೆ ತಾನೆ? ಬಣ್ಣವಿಲ್ಲ, ಬೋರ್ಡಿಲ್ಲ, ಮೇಲಿಂದ ಮಂಜು.

ನಮ್ಮ ಹಳೇ ಮುಂಬದಿ ಎಂಜಿನ್ ಬಸ್ಸುಗಳಿಗೆ ಈ ಗೋಳಿರಲಿಲ್ಲ. ಬಾನೆಟ್ಟು ಡ್ರೈವರ್ ಪಕ್ಕದಲ್ಲೇ. ಆಷಾಢದ ಜಡಿಮಳೆಯಲ್ಲಿ ಅದು ಬಚ್ಚಲೊಲೆಯ ಕಟ್ಟೆಯಿದ್ದಂತೆ: ಮೇಲೆ ನಾಲ್ಕು ಜನ, ಒದ್ದೆ ಕಂಬಳಿ, ಒಂದು ಹಲಸಿನಹಣ್ಣು. ಡ್ರೈವರನ ಎಡಗಾಲು ಬೇಯುತ್ತಿತ್ತು, ನಿಜ. ಆದರೆ ಎಂಜಿನ್ ಕೆಮ್ಮಿದರೆ ಅವನಿಗೇ ಮೊದಲು ಕೇಳುತ್ತಿತ್ತು. ಈಗ ಕೆಮ್ಮು ಕೇಳುವುದು ಕೊನೇ ಸೀಟಿನವರಿಗೆ, ಅವರು ನಿದ್ದೆಯಲ್ಲಿರುತ್ತಾರೆ.

ರೇಡಿಯೇಟರ್ ಕೂಡ ಹಿಂದೆಯೇ. ಎದುರುಗಾಳಿ ಸಿಗದೆ ಪೂರ್ತಿ ಫ್ಯಾನನ್ನೇ ನೆಚ್ಚಿರುತ್ತದೆ. ಬಸ್ಸಿನ ಬೆನ್ನಿಗೇಳುವ ಕೆಂಪು ಧೂಳನ್ನೆಲ್ಲ ಎಳೆದುಕೊಂಡು, ಮೊದಲ ಮಳೆಗೆ ಅದನ್ನು ಮಣ್ಣಿನ ಗೋಡೆ ಮಾಡಿಕೊಳ್ಳುತ್ತದೆ. ಒಳಗಿನಿಂದ ಹೊರಕ್ಕೆ ಸಣ್ಣ ಒತ್ತಡದ ನೀರು ಬಿಟ್ಟು ತೊಳೆಯಬೇಕು. ಸರ್ವೀಸ್ ಸ್ಟೇಷನ್ನಿನ ಹುಡುಗ ಜೆಟ್ಟನ್ನು ನೇರ ಹಿಡಿದು ರೇಡಿಯೇಟರಿನ ತೆಳು ತಗಡಿನ ಫಿನ್ನುಗಳನ್ನೆಲ್ಲ ಮಲಗಿಸುತ್ತಾನೆ. ಆಮೇಲೆ ಘಾಟಿ ಹತ್ತುವಾಗ ಎಂಜಿನ್ ಕಾದು ಕೆಂಪು ದೀಪ ಹೊತ್ತಿದರೆ ಕಂಪನಿಗೆ ಬೈಗುಳ.

‘ವೈಜ್ಞಾನಿಕ’ ಉಬ್ಬು ಎಂಬುದೊಂದು ಇದೆ, ಅದೇನು ಗುಟ್ಟಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಬರೆದಿಟ್ಟಿದೆ: ವಾಹನ ಸಾಗುವ ದಿಕ್ಕಿನಲ್ಲಿ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್, ದುಂಡನೆಯ ಬೆನ್ನು. ಒಂದು ಮರದ ಅಚ್ಚು ಕೊಯ್ಸಿಟ್ಟುಕೊಂಡರೆ ಸಾಕು. ನಮ್ಮಲ್ಲಿ ಒಬ್ಬರು ಸಾಯಬೇಕು, ಊರವರು ರಸ್ತೆಗೆ ಅಡ್ಡ ಕೂರಬೇಕು, ಆ ರಾತ್ರಿಯೇ ಒಂದು ಲೋಡು ಜಲ್ಲಿ-ಡಾಂಬರು ಸುರಿದು ಗದ್ದೆಯ ಬದುವಿನಂಥದ್ದೊಂದು ಏಳಬೇಕು. ಅಳೆಯುವವರಿಲ್ಲ. ಬಿಲ್ಲಾಗುತ್ತದೆ. ಆ ಉಬ್ಬು ಹಾರಿಸಿಕೊಂಡು ಇನ್ನೊಬ್ಬ ಬೈಕಿನ ಹುಡುಗ ಬೀಳುತ್ತಾನೆ. ಅವನ ಲೆಕ್ಕಕ್ಕೆ ಇನ್ನೊಂದು ಉಬ್ಬು. ನಗು ಬರುವುದಿಲ್ಲ, ಬಿಡಿ.

ಬಣ್ಣದ ಕೊರತೆಯಂತೂ ನೀಗುತ್ತಿದೆ. ಉಬ್ಬಿನ ನೆತ್ತಿ ನೋಡಿ: ಬಸ್ಸುಗಳ ಹೊಟ್ಟೆ ಗೀರಿದ ಗೆರೆಗಳು ಹೆಡ್‌ಲೈಟಿಗೆ ಬೆಳ್ಳಗೆ ಹೊಳೆಯುತ್ತವೆ.